ಐದು ಜನ, ನಾಲ್ಕು ಸ್ವೆಟರ್

ಪ್ರಶ್ನೆ: ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿಯಾಗಿದ್ದೇನೆ. ಮೇ ತಿಂಗಳಲ್ಲಿ ಯಜಮಾನರು, ಇಬ್ಬರು ಮಕ್ಕಳು, ಅತ್ತೆಯೊಂದಿಗೆ ಕಾರಿನಲ್ಲಿ ಊಟಿಗೆ ಹೊರಟಿದ್ದೇವೆ. ಹೋದ ವರ್ಷ ಮುರುಡೇಶ್ವರಕ್ಕೆ ಹೋದಾಗ ಅತ್ತೆಯ ಬಿಪಿ ಮಾತ್ರೆ ಫ್ರಿಜ್ ಮೇಲೆಯೇ ಉಳಿಯಿತು. ‘ಇಷ್ಟೂ ನೆನಪಿರಲಿಲ್ಲವೇ’ ಎಂದು ಯಜಮಾನರು ದಾರಿಯುದ್ದಕ್ಕೂ ಅಂದರು. ಈಗ ಸೂಟ್‌ಕೇಸ್ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಮೈ ಹುಷಾರಿಲ್ಲವೆಂದು ಮನೆಯಲ್ಲೇ ಉಳಿದುಬಿಡಲೇ? ಸಾಮಾನಿನ ಪಟ್ಟಿ ಜೊತೆಗಿದೆ, ಏನಾದರೂ ಬಿಟ್ಟಿದ್ದರೆ ತಿಳಿಸಿ.

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಮಗಳ ಕೂದಲಿನ ರಬ್ಬರ್ ಬ್ಯಾಂಡ್, ಯಜಮಾನರ ಶೇವಿಂಗ್ ಸೆಟ್, ಅತ್ತೆಯ ವಿಭೂತಿ ಗಟ್ಟಿ, ಎಲ್ಲವೂ ಇವೆ. ಹೊರಟಿರುವವರು ಐದು ಜನ, ನೀವು ಬರೆದಿರುವುದು ನಾಲ್ಕು ಸ್ವೆಟರ್. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳಲ್ಲೂ ರಾತ್ರಿ ಚಳಿ ಇರುತ್ತದೆ. ಅದು ಗೊತ್ತಿದ್ದೇ ಮಿಕ್ಕವರಿಗೆಲ್ಲ ಬರೆದಿದ್ದೀರಿ.

ಸುಳ್ಳು ಹೇಳಿ ಮನೆಯಲ್ಲಿ ಉಳಿಯಬೇಡಿ. ಮುಂದಿನ ರಜೆಗೂ ಇದೇ ಸೂಟ್‌ಕೇಸ್ ಇದೇ ಭಯದೊಂದಿಗೆ ಅಟ್ಟದಿಂದ ಇಳಿಯುತ್ತದೆ. ಮಾತ್ರೆ ಮರೆತದ್ದು ನಿಮ್ಮೊಬ್ಬರ ತಪ್ಪೆಂದು ನಾನಂತೂ ಒಪ್ಪುವುದಿಲ್ಲ. ಮಾತ್ರೆ ನುಂಗುವವರು ಅತ್ತೆ. ಅವರ ಮಗ ಪಕ್ಕದಲ್ಲೇ ಇದ್ದರು. ಐದು ಜನರ ನೆನಪನ್ನು ಒಂದೇ ತಲೆಯ ಮೇಲೆ ಹೇರಿದರೆ ಏನಾದರೊಂದು ಜಾರಿ ಬೀಳಲೇಬೇಕು.

ಯಜಮಾನರನ್ನು ‘ಸ್ವಲ್ಪ ಸಹಾಯ ಮಾಡಿ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಕೈ ಅವರದು, ನೆನಪು ಮತ್ತೆ ನಿಮ್ಮದೇ. ಇಡೀ ಕೆಲಸವನ್ನೇ ಒಪ್ಪಿಸಿ. ಊಟವಾಗಿ ಮಕ್ಕಳು ಮಲಗಿದ ಮೇಲೆ ನೇರವಾಗಿ ಹೇಳಿ: ‘ರೀ, ಹೋದ ಸಲ ನೀವಂದ ಮಾತು ಇನ್ನೂ ನೋಯುತ್ತಿದೆ. ಈ ಸಲ ಅತ್ತೆಯ ಮಾತ್ರೆ, ಕಾರಿನ ವ್ಯವಸ್ಥೆ ಎರಡೂ ನಿಮ್ಮವು.’ ಅವರು ಮುಖ ಸಿಂಡರಿಸಿದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ.

ಕಾರಿನ ವ್ಯವಸ್ಥೆಯೂ ಸಣ್ಣದಲ್ಲ. ಊಟಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂದಿದೆ, ಮೊದಲೇ ಮಾಡಿಸಿಕೊಳ್ಳಲಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ದಾವಣಗೆರೆ ಬಿಡುವ ಹೊತ್ತನ್ನು ಅದಕ್ಕೆ ತಕ್ಕಂತೆ ಅವರೇ ಲೆಕ್ಕ ಹಾಕಲಿ. ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು, ಜೊತೆಗೆ ವೈದ್ಯರ ಚೀಟಿ. ಅವು ಡಿಕ್ಕಿಯೊಳಗೆ ಬೇಡ, ಕೈಚೀಲದಲ್ಲಿರಲಿ. ಹೊರಡುವ ಬೆಳಿಗ್ಗೆ ಮಗನ ಚೀಲ ಬಿಚ್ಚಿ ಮಾತ್ರೆ ಎಣಿಸುವ ಕೆಲಸ ಅತ್ತೆಯದು, ನಿಮ್ಮದಲ್ಲ.

ಬುತ್ತಿಯನ್ನೂ ಅತ್ತೆಗೇ ಬಿಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎಷ್ಟು ಬೇಕೆಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮಂಡಕ್ಕಿ ಮಾತ್ರ ಒಂದೇ ಚೀಲ ಸಾಕೆನ್ನಿ. ಅದು ತೂಕಕ್ಕೆ ಹಗುರ, ಆದರೆ ಡಿಕ್ಕಿಯ ಅರ್ಧ ಜಾಗ ನುಂಗುತ್ತದೆ. ಮಕ್ಕಳು ತಂತಮ್ಮ ಬಟ್ಟೆ, ಸ್ಟೀಲ್ ನೀರಿನ ಬಾಟಲಿಯನ್ನು ತಂತಮ್ಮ ಚೀಲಕ್ಕೆ ತುಂಬಿಕೊಳ್ಳಲಿ. ಕಾಲುಚೀಲ ಮರೆತರೆ ಊಟಿಯಲ್ಲಿ ಅಂಗಡಿಗಳಿವೆ.

ನಿಮ್ಮ ಸ್ವೆಟರನ್ನು ಇವತ್ತೇ ಬೀರುವಿನಿಂದ ತೆಗೆದು ಬಿಸಿಲಿಗೆ ಹಾಕಿ. ನುಸಿಗುಳಿಗೆಯ ವಾಸನೆ ಹೋಗಲು ಎರಡು ದಿನವಾದರೂ ಬೇಕು.