ಅಂಬಾಸಡರ್‌ಗೆ ದೊಡ್ಡ ಮ್ಯಾನಿಫೋಲ್ಡ್ ಬೇಕಾ?

ಪ್ರಶ್ನೆ: ನನ್ನದು ಹಳೇ ಅಂಬಾಸಡರ್, 1489 ಸಿಸಿ ಪೆಟ್ರೋಲ್. ಬೋರ್ ಮಾಡಿಸಿ, ಹೆಡ್ ಫೇಸಿಂಗ್ ಮಾಡಿಸಿ, ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ, ಸ್ವಲ್ಪ ಜೋರಾದ ಕ್ಯಾಮ್ ಹಾಕಿಸಿದ್ದೇನೆ. ಒಬ್ಬ ಮೆಕ್ಯಾನಿಕ್ ದೊಡ್ಡ ಡಬಲ್ ಬ್ಯಾರೆಲ್ ಕಾರ್ಬೊರೇಟರ್ ಕೂರುವ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಹೆಡ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ ಪೈಪು) ಹಾಕಿಸಿ ಅಂತಾರೆ. ಇನ್ನೊಬ್ಬರು ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರ್ ಸಾಕು ಅಂತಾರೆ. ಗಾಡಿ ಓಡುವುದು ಹಾವೇರಿ ಪೇಟೆಯಲ್ಲಿ, ಆಗಾಗ ಹೈವೇ ಮೇಲೆ ಹುಬ್ಬಳ್ಳಿಗೆ. ಯಾವುದು ಸರಿ ಸರ್?
– ಓದುಗರು, ಹಾವೇರಿ

ಉತ್ತರ: ಎರಡು ಎಸ್‌ಯುನೇ ಹಾಕಿಸಿ. ಕಾರಣ ನಿಮ್ಮ ಹೆಡ್‌ನಲ್ಲೇ ಇದೆ. ಸಿಲಿಂಡರ್ ನಾಲ್ಕು, ಆದರೆ ಇನ್‌ಟೇಕ್ ಪೋರ್ಟ್ (ಗಾಳಿ-ಪೆಟ್ರೋಲ್ ಒಳಗೆ ಹೋಗುವ ಬಾಯಿ) ಎರಡೇ. 1-2ಕ್ಕೆ ಒಂದು, 3-4ಕ್ಕೆ ಒಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳ ಸರದಿ, 1-3-4-2. ಹಾಗಾಗಿ 2 ಎಳೆದ ಬೆನ್ನಿಗೇ 1 ಎಳೆಯುತ್ತದೆ, 3ರ ಬೆನ್ನಿಗೇ 4. ಮೊದಲಿನದರ ವಾಲ್ವ್ ಪೂರ್ತಿ ಮುಚ್ಚುವ ಮುಂಚೆಯೇ ಪಕ್ಕದ್ದು ತೆರೆದು ಅದರ ಪಾಲನ್ನೂ ಕಸಿಯುತ್ತದೆ. ಕ್ಯಾಮ್ ಜೋರಾದಷ್ಟೂ ಈ ಜಗಳ ಜಾಸ್ತಿ. ಎರಡು ಎಸ್‌ಯು ಇದ್ದರೆ ಒಂದೊಂದು ಪೋರ್ಟ್‌ಗೆ ಒಂದೊಂದು ಕಾರ್ಬೊರೇಟರ್ ನೇರ ಎದುರಿಗೇ ಕೂರುತ್ತದೆ, ದಾರಿ ಚಿಕ್ಕದು, ಎರಡೂ ಕಡೆ ಸಮ. 1955ರಲ್ಲಿ ಬಂದ ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದ್ದದ್ದು ಇದೇ ಬಿ-ಸೀರೀಸ್ 1489 ಸಿಸಿ ಎಂಜಿನ್. ಅದಕ್ಕೆ ಒಂದೂವರೆ ಇಂಚಿನ ಎರಡು ಎಸ್‌ಯು ಇದ್ದವು.

ದೊಡ್ಡ ಮ್ಯಾನಿಫೋಲ್ಡ್ ನಿಮಗಲ್ಲ. ಪೇಟೆಯೊಳಗೆ ಎಂಜಿನ್ ಓಡುವುದೇ ಕಡಿಮೆ ಆರ್‌ಪಿಎಂನಲ್ಲಿ. ಅಗಲವಾದ ಪೈಪಿನಲ್ಲಿ ಆಗ ಗಾಳಿಯ ವೇಗ ಬೀಳುತ್ತದೆ, ಪೆಟ್ರೋಲ್ ಗಾಳಿಯಿಂದ ಬೇರೆಯಾಗಿ ಗೋಡೆಗೆ ಅಂಟುತ್ತದೆ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಜಿಗಿಯುತ್ತದೆ. ನೀವು ಎಂದೂ ಮುಟ್ಟದ ಆರ್‌ಪಿಎಂನಲ್ಲಿ ಬರುವ ಪವರ್‌ಗೋಸ್ಕರ ದಿನಾ ಬೇಕಾದ ಪಿಕಪ್ ಕಳೆದುಕೊಳ್ಳಬೇಡಿ.

ಮ್ಯಾನಿಫೋಲ್ಡ್ ಕೊಳ್ಳುವಾಗ ಒಂದು ವಿಷಯ ಗಟ್ಟಿಯಾಗಿ ನೋಡಿ. ಅಂಬಾಸಡರ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಹೆಡ್‌ನ ಒಂದೇ ಕಡೆ ಇವೆ. ಒಂದೇ ನಟ್ಟು, ದಪ್ಪ ವಾಷರ್ ಎರಡರ ಫ್ಲೇಂಜನ್ನೂ (ಹೆಡ್‌ಗೆ ಕೂರುವ ಚಪ್ಪಟೆ ಅಂಚು) ಒತ್ತಿ ಹಿಡಿಯುತ್ತವೆ. ಇನ್‌ಟೇಕ್ ಫ್ಲೇಂಜ್ ಸ್ವಲ್ಪ ತೆಳ್ಳಗಿದ್ದರೂ ವಾಷರ್ ವಾರೆಯಾಗಿ ಕೂರುತ್ತದೆ, ಸಂದಿಯಿಂದ ಗಾಳಿ ಎಳೆಯುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಜನ ಇಂಥದ್ದಕ್ಕೆ ಸುಮ್ನೆ ಕಾರ್ಬೊರೇಟರ್ ಬಿಚ್ಚಿಸುತ್ತಾರೆ. ಎರಡೂ ಫ್ಲೇಂಜ್ ಸಮ ಇಲ್ಲದಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಯಾವುದಾದರೂ ಒಳ್ಳೆ ವರ್ಕ್‌ಶಾಪ್‌ನಲ್ಲಿ ಫೇಸಿಂಗ್ ಮಾಡಿಸಿ.

ಗ್ಯಾಸ್ಕೆಟ್ಟನ್ನು ಹೆಡ್‌ಗೆ ಹಿಡಿದು ಪೋರ್ಟ್‌ನ ಗೆರೆ ಕೊರೆಯಿರಿ, ಅದನ್ನೇ ಮ್ಯಾನಿಫೋಲ್ಡ್‌ಗೂ ಹಿಡಿಯಿರಿ. ಮ್ಯಾನಿಫೋಲ್ಡ್‌ನ ಬಾಯಿ ಒಂಚೂರು ಚಿಕ್ಕದಿದ್ದರೆ ಇರಲಿ. ದೊಡ್ಡದಿದ್ದರೆ ಮಿಕ್ಸ್ಚರ್ ಹೆಡ್‌ನ ಅಂಚಿಗೆ ಬಡಿಯುತ್ತದೆ, ಆ ಅಂಚನ್ನು ಗ್ರೈಂಡ್ ಮಾಡಿಸಲೇಬೇಕು. ಒಳಗೆ ಕನ್ನಡಿ ಹಾಗೆ ಪಾಲಿಶ್ ಮಾತ್ರ ಬೇಡ.

ಟ್ಯೂನಿಂಗ್ ಹೊತ್ತಿಗೆ ಒಂದು ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ಕಾರ್ಬೊರೇಟರ್‌ನ ಬಾಯಲ್ಲಿ. ಎರಡರಲ್ಲೂ ಬುಸ್ ಅನ್ನುವ ಸದ್ದು ಒಂದೇ ಥರ ಕೇಳುವವರೆಗೆ ಥ್ರಾಟಲ್ ಸ್ಕ್ರೂ ತಿರುಗಿಸಿ. ಮ್ಯಾನಿಫೋಲ್ಡ್ ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಗೇಜ್ ಪುಸ್ತಕದ ಲೆಕ್ಕಕ್ಕಿಂತ ಸುಮಾರು 2 ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ. ಮುಳ್ಳು ಅಲ್ಲಾಡದೆ ನಿಲ್ಲಬೇಕು, ಅಷ್ಟೇ.

ಇನ್ನೊಂದು ಮಾತು. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಕಾರ್ಬೊರೇಟರ್ ತಾನಾಗಿ ಹೊಂದಿಕೊಳ್ಳಲ್ಲ, ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಾಲುವುದಿಲ್ಲ. ಕಾರ್ಬೊರೇಟರ್‌ಗೆ ಇನ್ನೂ ರಿಚ್ ಆದ, ಅಂದರೆ ಹೆಚ್ಚು ಪೆಟ್ರೋಲ್ ಬಿಡುವ ನೀಡಲ್ ಬೇಕಾಗಬಹುದು. ಹುಬ್ಬಳ್ಳಿಗೆ ಒಮ್ಮೆ ಹೋಗಿ ಬಂದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಬಣ್ಣ ನೋಡಿ, ಆಮೇಲೆ ನೀಡಲ್ ತನ್ನಿ.