ನಳಕ್ಕೆ ಮೋಟರ್ ಹಚ್ಚೋರಿಗೆ ಏನು ಮಾಡೋದು?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಸಣ್ಣ ಹಳ್ಳಿ. ಎರಡು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತದೆ. ಮೇಲಿನ ಓಣಿಯವರು ನಳಕ್ಕೇ ಮೋಟರ್ ಹಚ್ಚಿ ಜಗ್ಗುತ್ತಾರೆ. ನಮ್ಮದು ಕೊನೆಯ ಮನೆ, ಎರಡು ಕೊಡ ಸಿಕ್ಕರೆ ಹೆಚ್ಚು. ನಾವೂ ಒಂದು ಮೋಟರ್ ತರೋಣ ಅಂತಾರೆ ಯಜಮಾನರು. ತರಬೇಕಾ?

ಉತ್ತರ: ಬೇಡ ಅಕ್ಕಾ. ಪೈಪಿನಲ್ಲಿ ಬರೋದೇ ಅಷ್ಟು ನೀರು. ನೀವು ಅರ್ಧ ಎಚ್‌ಪಿ ತಂದರೆ ಅವರು ಒಂದು ಎಚ್‌ಪಿ ತರುತ್ತಾರೆ, ಜಾಸ್ತಿಯಾಗೋದು ಕರೆಂಟ್ ಬಿಲ್ ಮಾತ್ರ.

ಇನ್ನೊಂದು ವಿಷಯ ಇದೆ. ಮೋಟರ್ ಜಗ್ಗಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಎಲ್ಲಾದರೂ ಜಾಯಿಂಟ್ ಸಡಿಲಾಗಿ, ಅದರ ಮೇಲೆ ಚರಂಡಿ ಹರಿಯುತ್ತಿದ್ದರೆ ಆ ಹೊಲಸು ನೀರನ್ನೂ ಪೈಪು ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಅದು ಹೋಗೋದು ಮೋಟರ್ ಹಚ್ಚಿದವರ ಕೊಡಕ್ಕೇ. ಮೇಲಿನ ಓಣಿಯವರಿಗೆ ಇದನ್ನೇ ಹೇಳಿ. ನ್ಯಾಯದ ಮಾತಿಗಿಂತ ವಾಂತಿಭೇದಿಯ ಮಾತು ಬೇಗ ನಾಟುತ್ತದೆ.

ಪಂಚಾಯತಿಗೆ ಹೋಗುವ ಮೊದಲು ಲೆಕ್ಕ ಇಡಿ. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು, ಅಂದರೆ ಐದು ಜನರ ಮನೆಗೆ 275. ನಿಮ್ಮ ಕಡೆಯ ನಾಲ್ಕಾರು ಮನೆಗಳಿಗೆ ಒಂದು ವಾರ ಎಷ್ಟು ಕೊಡ ಬಂತು ಅಂತ ಬರೆದಿಟ್ಟು ಗ್ರಾಮಸಭೆಗೆ ಒಯ್ಯಿರಿ. ಸುಮ್ನೆ "ನೀರು ಬರಲ್ರೀ" ಅಂದರೆ ಪಿಡಿಒ ತಲೆ ಆಡಿಸುತ್ತಾರೆ, ಅಷ್ಟೇ.

ಅಲ್ಲಿ ಓಣಿಗೊಂದು ವಾಲ್ವ್ ಕೇಳಿ. ಕೆಳಗಿನ ಓಣಿಗೆ ಬಿಟ್ಟಾಗ ಮೇಲಿನದು ಬಂದ್. ಯಾವ ಓಣಿಗೆ ಯಾವ ಹೊತ್ತು ಅಂತ ಪಂಚಾಯತಿ ಗೋಡೆ ಮೇಲೆ ಬರೆಸಿ, ಇಲ್ಲದಿದ್ದರೆ ಬೈಗುಳವೆಲ್ಲ ಪಾಪ ವಾಟರ್‌ಮ್ಯಾನ್ ತಲೆಗೆ. ಮೋಟರ್ ಹಚ್ಚಿದರೆ ನಳ ಕಟ್ ಅಂತ ಠರಾವು ಮಾಡಿಸಿ. ಅದು ಮೆಂಬರ್ ಮನೆಗೂ ಅನ್ವಯಿಸಬೇಕು, ಇಂಥ ಠರಾವುಗಳು ಸಾಯೋದೇ ಅಲ್ಲಿ ಅಲ್ವಾ?

ಪ್ರಶ್ನೆ: ಊರಿಗೆಲ್ಲ ನೀರು ಕೊಡುವ ಪಂಚಾಯತಿ ಬೋರ್‌ವೆಲ್ ಪಕ್ಕದ ಹೊಲದಲ್ಲೇ ಒಬ್ಬರು ಬೋರ್ ಹಾಕಿಸಲು ಹೊರಟಿದ್ದಾರೆ. ತಡೆಯಬಹುದಾ? (ಯಾದಗಿರಿ ಜಿಲ್ಲೆಯ ಓದುಗರು)

ಉತ್ತರ: ತಡೆಯಬಹುದು. ಕುಡಿಯುವ ನೀರಿನ ಮೂಲ ಕಾಪಾಡಲು ನಮ್ಮ ರಾಜ್ಯದಲ್ಲಿ 1999ರ ಕಾಯ್ದೆಯೇ ಇದೆ. ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ, ಬೋರ್ ಕೊರೆಯುವಂತಿಲ್ಲ. ಹೊಲ ಸ್ವಂತದ್ದಾದರೂ ಅಷ್ಟೇ. ಪಂಚಾಯತಿಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇವತ್ತೇ ಹೋಗಿ. ಲಾರಿ ಹೊಲಕ್ಕೆ ಇಳಿದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ, ಒಂದೇ ರಾತ್ರಿಯಲ್ಲಿ ಕೊರೆದು ಹೋಗಿರುತ್ತಾರೆ.