ಪಿ.ಜಿ. ಊಟ, ಬಾಣಂತಿ ಪಥ್ಯ ಮತ್ತು ಉದುರುವ ಕೂದಲು

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಕೆಲಸ ಸಿಕ್ಕಿ ಹಾಸನದಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಪಿ.ಜಿ.ಯಲ್ಲಿ ಬೋರ್‌ವೆಲ್ ನೀರು. ತೂಕ ಇಳಿಸಬೇಕೆಂದು ನಾಲ್ಕು ತಿಂಗಳು ರಾತ್ರಿ ಊಟ ಬಿಟ್ಟಿದ್ದೆ, 8 ಕೆ.ಜಿ. ಇಳಿದು ಈಗ 52 ಇದ್ದೇನೆ. ಎರಡು ತಿಂಗಳಿಂದ ಬಾಚಣಿಗೆ ತುಂಬ ಕೂದಲು ಬರುತ್ತಿದೆ. ಹಿಮೋಗ್ಲೋಬಿನ್ 12.1 ಇದೆ, ತೊಂದರೆ ಇಲ್ಲ ಅಂದರು. ಏನು ತಿಂದರೆ ಕೂದಲು ಉದುರುವುದು ನಿಲ್ಲುತ್ತದೆ?

ಉತ್ತರ: ಮೊದಲು ನೀರಿನ ವಿಷಯ ಮುಗಿಸಿಬಿಡೋಣ. ಬೆಂಗಳೂರಿಗೆ ಬಂದವರೆಲ್ಲ ಮೊದಲು ದೂರುವುದು ಬೋರ್‌ವೆಲ್ ನೀರನ್ನೇ. ಗಡಸು ನೀರಿನಲ್ಲಿ ತೊಳೆದರೆ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ನಡುವೆ ತುಂಡಾಗಲೂಬಹುದು. ಬುಡದಿಂದ ಉದುರುವುದು ಬೇರೆ. ಉದುರಿದ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಕಂಡರೆ ಅದು ಬುಡದಿಂದಲೇ ಬಂದದ್ದು. ಅದಕ್ಕೆ ನೀರನ್ನು ಬೈದು ಪ್ರಯೋಜನವಿಲ್ಲ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ 8 ಕೆ.ಜಿ. ಮೇಲೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೆಳೆಯುತ್ತಿರುತ್ತವೆ, ಸ್ವಲ್ಪ ಮಾತ್ರ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಯಲ್ಲಿರುತ್ತವೆ. ಹಾಗೆ ವಿಶ್ರಾಂತಿಗೆ ಹೋದದ್ದು ಎರಡು ಮೂರು ತಿಂಗಳ ನಂತರ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಎಲ್ಲರಿಗೂ ಇದ್ದದ್ದೇ. ಆದರೆ ಊಟ ಇದ್ದಕ್ಕಿದ್ದಂತೆ ಕಡಿಮೆಯಾದರೆ ದೇಹ ಇರುವ ಆಹಾರವನ್ನು ಮೊದಲು ಹೃದಯ, ಮೆದುಳಿನಂಥ ಅಂಗಗಳಿಗೆ ಕೊಡುತ್ತದೆ. ಕೂದಲಿಲ್ಲದೆಯೂ ಬದುಕಬಹುದು, ಅಲ್ವಾ? ಆಗ ತುಂಬ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸುತ್ತವೆ. ಅವೆಲ್ಲ ಒಟ್ಟಿಗೇ ಉದುರುತ್ತವೆ. ಹಾಗಾಗಿ ಇವತ್ತು ಬಾಚಣಿಗೆಗೆ ಬಂದ ಕೂದಲಿನ ಕಾರಣ ಹುಡುಕಲು ಮೂರು ತಿಂಗಳು ಹಿಂದಕ್ಕೆ ಹೋಗಬೇಕು. ಡೆಂಗಿ, ಟೈಫಾಯ್ಡ್ ಬಂದು ಹೋದವರಿಗೂ ಹೀಗೇ ಆಗುತ್ತದೆ. ಜ್ವರ ಮರೆತುಹೋಗಿರುತ್ತದೆ, ಆಗ ಕೂದಲು ಉದುರಲು ಶುರುವಾಗುತ್ತದೆ.

ಇದರಲ್ಲಿ ಬುಡ ಸಾಯುವುದಿಲ್ಲ. ಕಾರಣ ಸರಿಹೋದರೆ ಕೂದಲು ಮತ್ತೆ ಬರುತ್ತದೆ. ಆದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಇವತ್ತು ಚೆನ್ನಾಗಿ ತಿಂದದ್ದು ಜಡೆಯಲ್ಲಿ ಕಾಣಲು ಆರು ತಿಂಗಳಾದರೂ ಬೇಕು. ಹದಿನೈದು ದಿನಕ್ಕೆ ಎಣ್ಣೆ, ಶಾಂಪೂ ಬದಲಿಸುತ್ತ ಹೋಗಬೇಡಿ.

ಇನ್ನು ರಕ್ತದ ಮಾತು. ಹಿಮೋಗ್ಲೋಬಿನ್ 12ರ ಮೇಲಿದ್ದ ಮಾತ್ರಕ್ಕೆ ಕಬ್ಬಿಣಾಂಶ ಸಾಕಷ್ಟಿದೆ ಎಂದಲ್ಲ. ದೇಹ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ತೋರಿಸುವುದು ಫೆರಿಟಿನ್ ಪರೀಕ್ಷೆ. ಮೊದಲು ಖಾಲಿಯಾಗುವುದು ಈ ಉಳಿತಾಯ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದೇ ಲೆಕ್ಕ. ಕೂದಲಿನ ವಿಷಯಕ್ಕೆ ಚರ್ಮವೈದ್ಯರು ಅದು ಇನ್ನೂ ಮೇಲಿರಲಿ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇತ್ತು. ಉಳಿತಾಯ ಮಾತ್ರ ಖಾಲಿಯಾದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಫೆರಿಟಿನ್, ಥೈರಾಯ್ಡ್, ಬಿ12 ಮೂರನ್ನೂ ನೋಡಿಸಿ. ಪರೀಕ್ಷೆ ಇಲ್ಲದೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗಬೇಡಿ.

ಈಗ ತಟ್ಟೆಗೆ ಬರೋಣ. ಕೂದಲು ಆಗಿರುವುದೇ ಕೆರಾಟಿನ್ ಎಂಬ ಪ್ರೋಟೀನಿನಿಂದ. ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಲೆಕ್ಕ. ನಿಮಗೆ ಸುಮಾರು 43 ಗ್ರಾಂ. ಪಿ.ಜಿ.ಯಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನಕ್ಕೆ ನೀರು ಸಾಂಬಾರು, ರಾತ್ರಿ ಏನೂ ಇಲ್ಲ ಅಂದರೆ ಅದರ ಅರ್ಧ ದಾಟುವುದೂ ಕಷ್ಟ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಕಡಲೆಬೀಜದಲ್ಲಿ 7 ಗ್ರಾಂ ಸಿಗುತ್ತದೆ. ಕಡಲೆಬೀಜಕ್ಕೆ ಅಡುಗೆಮನೆ ಬೇಕಿಲ್ಲ, ಕೋಣೆಯಲ್ಲೇ ಇಟ್ಟುಕೊಳ್ಳಬಹುದು. ಹೆಸರುಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ನಿಂಬೆಹಣ್ಣು ಹಿಂಡಿಕೊಂಡು ತಿನ್ನಿ. ಮೊಟ್ಟೆಯನ್ನು ಬೇಯಿಸಿಯೇ ತಿನ್ನಬೇಕು. ಹಸಿ ಬಿಳಿಭಾಗ ಬಯೋಟಿನ್ ಎಂಬ ಬಿ ವಿಟಮಿನ್ ಅನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ.

ಹಾಸನದವರಾದ ನಿಮಗೆ ಬಸ್ಸಾರಿನ ಬಗ್ಗೆ ನಾನೇನು ಹೇಳಲಿ! ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ಈ ಅಡುಗೆಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಆದರೆ ಸಾರು ಸುರಿದುಕೊಂಡು ಪಲ್ಯ ಬದಿಗಿಟ್ಟರೆ ಪ್ರೋಟೀನ್ ತಟ್ಟೆಯಲ್ಲೇ ಉಳಿಯುತ್ತದೆ. ಊರಿಗೆ ಹೋದಾಗ ಹುರುಳಿಕಾಳಿನ ಬಸ್ಸಾರು ಮಾಡಿಸಿಕೊಳ್ಳಿ, ಪಲ್ಯವನ್ನು ಎರಡು ಸಲ ಹಾಕಿಸಿಕೊಳ್ಳಿ. ರಾಗಿಯಲ್ಲಿ ಕಬ್ಬಿಣಾಂಶ ಜಾಸ್ತಿ ಎಂದು ತುಂಬ ಜನ ನಂಬಿದ್ದಾರೆ. ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ. ಕಬ್ಬಿಣಾಂಶದಲ್ಲಿ ಹುರುಳಿಯೇ ಮುಂದು.

ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ದೇಹ ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ವಿಟಮಿನ್ ಸಿ ಬೇಕು. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಇಲ್ಲವೇ ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ಊಟ ಮುಗಿದ ಕೂಡಲೇ ಕಾಫಿ, ಟೀ ಬೇಡ, ಅವು ಕಬ್ಬಿಣಾಂಶವನ್ನು ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ರಾತ್ರಿ ಊಟವನ್ನು ಇವತ್ತಿನಿಂದಲೇ ಶುರು ಮಾಡಿ.

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ನಾಲ್ಕು ತಿಂಗಳು. ಕೂದಲು ಕಿತ್ತು ಬಂದಂತೆ ಬರುತ್ತಿದೆ. ಮನೆಯ ಹಿರಿಯರು ಸೊಪ್ಪು ಶೀತ, ಕಾಳು ವಾಯು ಎಂದು ಅನ್ನ, ತುಪ್ಪ, ಮೆಣಸಿನ ಸಾರು ಮಾತ್ರ ಕೊಡುತ್ತಿದ್ದಾರೆ. ಏನು ಮಾಡಲಿ? (ಗದಗ)

ಉತ್ತರ: ಅಮ್ಮ, ಗಾಬರಿಯಾಗಬೇಡಿ. ಬಸಿರಿನಲ್ಲಿ ಹಾರ್ಮೋನುಗಳ ಕಾರಣ ಕೂದಲು ಕಡಿಮೆ ಉದುರುತ್ತದೆ. ಹೆರಿಗೆಯ ನಂತರ ಆ ಹಾರ್ಮೋನ್ ಇಳಿದು, ಉಳಿದುಕೊಂಡಿದ್ದ ಕೂದಲೆಲ್ಲ ಮೂರು ನಾಲ್ಕು ತಿಂಗಳಿಗೆ ಒಟ್ಟಿಗೇ ಹೋಗುತ್ತದೆ. ಮಗುವಿನ ವರ್ಷದ ಹುಟ್ಟುಹಬ್ಬದ ಹೊತ್ತಿಗೆ ಹೆಚ್ಚಿನವರಿಗೆ ಸರಿಹೋಗುತ್ತದೆ.

ಪಥ್ಯದ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆಗೇ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 17 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬೇಕು. ಅನ್ನ, ತುಪ್ಪದಲ್ಲಿ ಅದು ಬರುವುದಿಲ್ಲ. ಹಿರಿಯರ ಜೊತೆ ಜಗಳ ಬೇಡ, ಅವರು ಒಪ್ಪುವುದರಿಂದಲೇ ಶುರು ಮಾಡಿ. ಸಬ್ಬಸಿಗೆ, ಮೆಂತ್ಯ ಸೊಪ್ಪನ್ನು ಬಾಣಂತಿಗೆ ಬೇಡ ಎನ್ನುವವರು ಕಡಿಮೆ. ಅದನ್ನು ಹೆಸರುಬೇಳೆ ಜೊತೆ ಗಟ್ಟಿಯಾಗಿ ಬೇಯಿಸಿ ಕೊಡಿ. ಆಮೇಲೆ ಹೆಸರುಕಾಳು, ಹಾಲು, ರೊಟ್ಟಿ ಜೊತೆ ಶೇಂಗಾ ಚಟ್ನಿ. ಅಂಟಿನುಂಡಿ ಇರಲಿ, ಆದರೆ ಅದೇ ಊಟವಾಗಬಾರದು. ಹೆರಿಗೆಯ ನಂತರ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಬೇಕು ಎಂಬುದು ಸರ್ಕಾರದ್ದೇ ನಿಯಮ. ತುಂಬ ಮನೆಗಳಲ್ಲಿ ಮಗು ಹುಟ್ಟಿದ ದಿನವೇ ಅದು ನಿಂತುಹೋಗುತ್ತದೆ. ಮಗಳು ನುಂಗುತ್ತಿದ್ದಾಳಾ ಎಂದು ಇವತ್ತೇ ಕೇಳಿ, ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಪ್ರಶ್ನೆ: ವಯಸ್ಸು 29. ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿಯುತ್ತಿದೆ. ಅಪ್ಪನಿಗೂ ಹೀಗೇ ಆಗಿತ್ತು. 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಉಪಯೋಗ ಇದೆಯಾ?

ಉತ್ತರ: ಇಲ್ಲ ಎಂದೇ ಹೇಳಬೇಕು. ನೀವು ಹೇಳಿದ ರೀತಿಯ ಬೋಳು ಹೆಚ್ಚಾಗಿ ವಂಶದಿಂದ, ಹಾರ್ಮೋನಿನಿಂದ ಬರುತ್ತದೆ. ಊಟ ಎಷ್ಟೇ ಚೆನ್ನಾಗಿದ್ದರೂ ಅದನ್ನು ತಡೆಯುವುದಿಲ್ಲ. ಇದಕ್ಕೆ ಔಷಧಿಗಳಿವೆ, ಬೇಗ ಶುರು ಮಾಡಿದಷ್ಟು ಒಳ್ಳೆಯದು. ಚರ್ಮವೈದ್ಯರನ್ನು ನೋಡಿ.

ದಿನಕ್ಕೆ ಬೇಕಾದ ಬಯೋಟಿನ್ 30–40 ಮೈಕ್ರೊಗ್ರಾಂ, ನೀವು ನುಂಗುತ್ತಿರುವುದು 10,000. ಕೊರತೆ ಇಲ್ಲದವರಿಗೆ ಇದರಿಂದ ಕೂದಲು ಬೆಳೆಯುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು. ಎದೆನೋವು ಬಂದಾಗ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹಾಗೇ. ರಕ್ತ ಕೊಡುವ ಮುಂಚೆ ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಕೂದಲಿಗೆಂದು ಮಾರುವ ಇತರ ಮಾತ್ರೆಗಳ ಮೇಲಿನ ಚೀಟಿಯನ್ನೂ ಓದಿ. ವಿಟಮಿನ್ ಎ, ಸೆಲೆನಿಯಂ ಅತಿಯಾದರೆ ಅವೇ ಕೂದಲು ಉದುರಿಸುತ್ತವೆ.